ಬುಗುರಿಯಕ್ಕನ ಉದ್ದ ಗೋಡೆ

ಎಲ್ಲರಿಗೂ ನಮಸ್ಕಾರ. ಭಾವನವರೇ, ಅಕ್ಕನ ಮಗಳೇ, ಈ ಆಸ್ಪತ್ರೆಯ ವೈದ್ಯರೇ, ದಾದಿಯರೇ, ಚಿತ್ರಕಾರ ಗೆಳೆಯರೇ — ಅಕ್ಕ ಬರೆದ ಗೋಡೆಯ ಎದುರಿಗೇ ನಿಂತು ಅಕ್ಕನ ಬಗ್ಗೆ ಮಾತಾಡಬೇಕಾಗಿದೆ. ಅಕ್ಕ ನಮ್ಮನ್ನು ಬಿಟ್ಟುಹೋದರು, ನಿಜ. ಆದರೆ ನಾನು ಇವತ್ತು ಅಳುವುದಕ್ಕೆ ಬಂದಿಲ್ಲ, ಎದೆಯುಬ್ಬಿಸಿಕೊಂಡು ಬಂದಿದ್ದೇನೆ.

ನಾವಿಬ್ಬರೂ ಒಂದೇ ಕೋಣೆಯಲ್ಲಿ ಚಿತ್ರ ಬರೆದವರು. ಅಕ್ಕ ಒಂದು ಗೆರೆ ಎಳೆದರೆ ಕೋಣೆಗೆ ಒಂದು ಸುತ್ತು. ಮತ್ತೆ ಗೆರೆ — ಮತ್ತೆ ಸುತ್ತು. ಹೀಗೆ! ಅದಕ್ಕೇ ಬುಗುರಿಯಕ್ಕ ಅಂತ ಹೆಸರಿಟ್ಟೆವು. ಹಿರಿಯ ಕಲಾವಿದರೊಬ್ಬರು ಬಂದು ಬುದ್ಧಿ ಹೇಳಿದರು, "ಒಂದು ಕಡೆ ನಿಂತು ಬರಿಯಮ್ಮ." ಅಕ್ಕ ನಿಂತರು. ನಿಂತದ್ದೇ ತಡ, ಚಿತ್ರವೂ ನಿಂತುಹೋಯಿತು. ವರ್ಷಗಟ್ಟಲೆ ಕುಂಚ ಮುಟ್ಟಲಿಲ್ಲ. "ಅದು ಹೆಂಗೆ ಬರ್ತಿತ್ತು ಅಂತಾನೇ ಗೊತ್ತಿಲ್ಲ ಕಣೋ, ವಾಪಸ್ ಹೆಂಗೆ ಕರೀಲಿ?" ಅನ್ನುತ್ತಿದ್ದರು.

ಅಂಥವರು, ತಲೆ ನರೆತ ಮೇಲೆ, ಮಗಳ ವಯಸ್ಸಿನವರ ಪಕ್ಕ ಕೂತು ಭಿತ್ತಿಚಿತ್ರದ ವಿನ್ಯಾಸ ಕಲಿಯಲು ಹೊರಟರು. ಯಾಕೆ? ತನ್ನೊಳಗೆ ಚಿತ್ರ ಹುಟ್ಟುವುದು ಹೇಗೆ ಅಂತ ತಿಳಿಯಬೇಕಿತ್ತು — ಅಷ್ಟೇ. ಅಲ್ಲಿ ಒಂದು ದಿನ ಹೇಳಿಕೊಟ್ಟರು: ಉದ್ದ ಗೋಡೆಯನ್ನು ಜನ ನಡೆಯುತ್ತ ನೋಡುತ್ತಾರೆ, ಹಾಗಾಗಿ ಅದರ ಚಿತ್ರವನ್ನೂ ನಡೆದುಕೊಂಡೇ ಜೋಡಿಸಬೇಕು. ಈ ಪಾಠ ಕೇಳಿದ ದಿನ ಅಕ್ಕ ಏದುಸಿರು ಬಿಡುತ್ತ ನಮ್ಮ ಕೋಣೆಗೆ ನುಗ್ಗಿದರು. "ಲೋ! ಇಷ್ಟು ವರ್ಷ ಚಿತ್ರ ಬರೆದಿದ್ದು ನನ್ನ ಕಾಲು ಕಣೋ! ಸುಮ್ನೆ ಕೈನ ಹೊಗಳ್ಕೊಂಡು ಬಂದೆ!"

ಅವತ್ತಿನಿಂದ ಅವರನ್ನು ಹಿಡಿಯುವವರಿಲ್ಲ. ನೋಡಿ ಈ ಗೋಡೆ. ಈ ತುದಿಯಲ್ಲಿ ಅಜ್ಜಿ ಸ್ವೆಟರ್ ಹೆಣೆಯುತ್ತಿದ್ದಾಳೆ. ಕೆಂಪು ನೂಲು ಹೊರಟಿದೆ — ಮೇಜಿನ ಕೆಳಗೆ, ಸೈಕಲ್ ಚಕ್ರದೊಳಗೆ, ಆ ಬಾಗಿಲ ಮೇಲಿಂದ... ಉಂಡೆ ಯಾರ ಹತ್ತಿರ ಇದೆ? ಹೇಳುವುದಿಲ್ಲ! ಕಾಲು ಮುರಿದುಕೊಂಡು "ನನ್ ಕೈಲಾಗಲ್ಲ" ಅಂತ ಹಟ ಹಿಡಿದವರೂ ಅದನ್ನು ನೋಡಲೆಂದೇ ಆ ತುದಿಯವರೆಗೆ ನಡೆದಿದ್ದಾರೆ. ನಡೆಸಿದ ದಾದಿಯರು ಇಲ್ಲೇ ಇದ್ದಾರೆ, ಕೇಳಿ.

ಭಾವ ಈಗಷ್ಟೇ ನನ್ನ ಕಿವಿಯಲ್ಲಿ ಹೇಳಿದರು — "ಇವಳನ್ನ ಕಟ್ಕೊಂಡು ಜೀವನವಿಡೀ ನಡೆದೆ ಕಣಪ್ಪ, ಕೂರಕ್ಕೇ ಬಿಡ್ಲಿಲ್ಲ." ನಗಿ ಭಾವ, ನಗಿ. ಅಕ್ಕ ಗೆದ್ದರು!

ಕಳೆದ ತಿಂಗಳು, ಅಕ್ಕ ಇದೇ ಆಸ್ಪತ್ರೆಯಲ್ಲಿ ಮಲಗಿದ್ದಾಗ, ನನ್ನ ತೋಳು ಹಿಡಿದು ಈ ಗೋಡೆಯ ಉದ್ದಕ್ಕೂ ಬಂದರು. ನಾನು ನಡುವೆ ನಿಂತುಬಿಟ್ಟೆ. ತಿವಿದರು. "ನಿಂತ್ಕೊಂಡ್ ನೋಡ್ಬೇಡ್ವೋ. ನಡಿ."

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮಾತು ಬೇಡ. ಅಕ್ಕನ ಕ್ಷಮೆ ಕೇಳಿ, ಒಂದೇ ಒಂದು ಕ್ಷಣ ಹೀಗೇ ನಿಲ್ಲೋಣ. ಆಮೇಲೆ — ಭಾವ ಮುಂದೆ, ನಾವೆಲ್ಲ ಹಿಂದೆ — ಮೌನವಾಗಿಯೇ, ಕೆಂಪು ನೂಲಿನ ಜಾಡು ಹಿಡಿದು ಆ ತುದಿಯವರೆಗೂ ನಡೆಯೋಣ.