ತೊಳೆದು ಬಂದ ಡಬ್ಬಿ

ಊಟದ ಡಬ್ಬಿಯೊಂದು ತೊಳೆದು ಮನೆಗೆ ಬಂದರೆ ಸಂಸಾರದ ನೆಮ್ಮದಿಯೇ ಕದಡಬಹುದು ಎಂಬ ಗಂಭೀರ ಸಂಗತಿ ನನಗೆ ತಿಳಿದದ್ದು ರಕ್ತಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ. ಪಕ್ಕದಲ್ಲಿ ಒಬ್ಬ ತಾಯಿ, ಕಾಲೇಜು ಓದುವ ಮಗಳು.

"ಹದಿನೇಳು ವರ್ಷದಲ್ಲಿ ಒಂದು ಲೋಟ ತೊಳೆದೋಳಲ್ಲ. ಈಗ ದಿನಾ ಡಬ್ಬಿ ತೊಳೆದು ತರ್ತೀಯ!"

"ಸಹಾಯ ಮಾಡಿದ್ರೂ ತಪ್ಪಾ ಅಮ್ಮ?"

"ನಿನ್ನೆ ಕ್ಲಾಸಲ್ಲಿ ತಲೆ ತಿರುಗಿ ಬಿದ್ಯಲ್ಲ, ಅದೂ ಸಹಾಯಾನಾ? ಊಟ ಯಾರ ಹೊಟ್ಟೆಗೆ ಹೋಗ್ತಿದೆ?"

"ನನ್ನ ಹೊಟ್ಟೆಗೇ. ತಿನ್ನೋದನ್ನ ದಿನಾ ವಿಡಿಯೋ ಮಾಡಿ ಕಳಿಸ್ತೀನಲ್ಲ."

"ನೋಡಿದೀನಿ. ತುತ್ತು ಬಾಯಿ ಹತ್ರ ಬರುತ್ತೆ, ತಕ್ಷಣ ಖಾಲಿ ಡಬ್ಬಿ ಕಾಣುತ್ತೆ. ಅಗಿಯೋದು ಎಲ್ಲೇ?"

"ಅದನ್ನ ಕಟ್ ಮಾಡ್ತೀನಿ. ಉದ್ದ ಆಗುತ್ತೆ."

"ನಿಮ್ಮಜ್ಜಿ ಕನ್ನಡಕ ಹಾಕ್ಕೊಂಡು ನಾಲ್ಕು ಸಲ ನೋಡಿದ್ರು. ಒಂದು ಸಲಾನೂ ನೀನು ನುಂಗಲಿಲ್ಲವಂತೆ."

ಮಗಳು ದನಿ ತಗ್ಗಿಸಿದಳು.

"ಊಟ ಫ್ರೆಂಡ್ಸ್ ತಿಂತಾರೆ. ನಂಗೆ ಇಪ್ಪತ್ತೊಂದು ದಿನ ಬರೀ ನಿಂಬೆನೀರು ಅಂತ ಅಕ್ಕ ಹೇಳಿದಾರೆ."

"ನಾನು ಹೆತ್ತಿರೋದು ನಿನ್ನೊಬ್ಬಳನ್ನೇ. ಈ ಅಕ್ಕ ಎಲ್ಲಿಂದ ಬಂದ್ಲು?"

"ಫೋನಲ್ಲಿ ಬರ್ತಾರಮ್ಮ. ನಿಂಬೆನೀರಲ್ಲೇ ಇದ್ದು ಎಷ್ಟು ಸಣ್ಣ ಆಗಿದಾರೆ ಗೊತ್ತಾ? ದಿನಾ ವಿಡಿಯೋ ಹಾಕ್ತಾರೆ."

"ತಿನ್ನದೇ ಇರೋದನ್ನ ನೀನು ಕಟ್ ಮಾಡ್ತೀಯ. ತಿನ್ನೋದನ್ನ ಅವಳು ಕಟ್ ಮಾಡ್ತಿಲ್ಲ ಅಂತ ಏನು ಗ್ಯಾರಂಟಿ?"

ಅಷ್ಟರಲ್ಲಿ ನರ್ಸ್ ಮಗಳನ್ನು ಒಳಗೆ ಕರೆದರು.

ರಕ್ತ ಕೊಟ್ಟು ಬಂದ ಮಗಳು ತಾಯಿಯ ಎದುರಿಗೇ ಎರಡು ಬಾಳೆಹಣ್ಣು ತಿಂದಳು. ಆಮೇಲೆ ಇಬ್ಬರೂ ಮೆಟ್ಟಿಲಿಳಿದು ಹೋದರು.