ಗೋಡೆಯ ಮೇಲಿನ ಹಾಡು

ಒಂದು ಊರಿನಲ್ಲಿ ಒಬ್ಬ ಸಾಹುಕಾರ ಇದ್ದ. ಹತ್ತಿ ಸೀಮೆಯ ಊರು, ಅವನದು ಹತ್ತಿಯ ಗಿರಣಿ. ಹೆಸರು ಬೇಡ ಬಿಡಿ. ಹೆಸರು ಹೇಳಿದರೆ ಅವನು ಯಾರ ಅಳಿಯ, ಯಾರ ಷಡ್ಡಕ ಎಂದು ನೀವು ಹುಡುಕುತ್ತಾ ಕೂರುತ್ತೀರಿ, ನನ್ನ ಪ್ರಸಂಗ ಅಲ್ಲಿಗೇ ನಿಲ್ಲುತ್ತದೆ. ಆತ ಅಲ್ಲಿಯ ಕ್ರೈಸ್ತ ಸಭೆಯ ಹಿರಿಯ, ಕೊಡುವ ಕೈ ದೊಡ್ಡದು. ಎಲ್ಲವೂ ಇತ್ತು. ಪವಿತ್ರಾತ್ಮನ ವರ ಮಾತ್ರ ಅವನಿಗೆ ಸಿಕ್ಕಿರಲಿಲ್ಲ.

ಸಿಕ್ಕಿರಲಿಲ್ಲ ಎಂದು ಯಾರು ಹೇಳಿದ್ದು? ನೋಡಿ, ಕಥೆ ಇರುವುದೇ ಅಲ್ಲಿ.

ಆ ಊರಿನಲ್ಲಿ ವರದ ಕೂಟಗಳು ಶುರುವಾಗಿದ್ದವು. ಹೊರಗಿನಿಂದ ಬೋಧಕರು ಬಂದರು. ಕಲಿಯದೆ ತಾನಾಗಿ ನಾಲಿಗೆಗೆ ಬರುವ ಅನ್ಯಭಾಷೆಯಲ್ಲಿ ಮಾತಾಡದವನಲ್ಲಿ ಆತ್ಮನಿಲ್ಲ ಎಂದು ಅವರಲ್ಲಿ ಒಬ್ಬರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಗಿರಣಿಯ ಹಮಾಲನಿಗೆ ಅನ್ಯಭಾಷೆ ಬಂತು. ಸಾಹುಕಾರನ ಸೊಸೆಗೆ ದೇವರ ಮಾತು ನುಡಿಯುವ ಪ್ರವಾದನೆ ಬಂತು. ಸಾಹುಕಾರ ಉಪವಾಸ ಮಾಡಿದ, ಮೊಣಕಾಲೂರಿದ, ಕೂಟ ಕೂಟಕ್ಕೂ ಕೈಯೆತ್ತಿ ಸಾಲಿನಲ್ಲಿ ನಿಂತ. ತಲೆಯ ಮೇಲೆ ಕೈಯಿಟ್ಟವರ ಕೈ ನೋಯಿತೇ ಹೊರತು ಇವನ ನಾಲಿಗೆ ಅಲ್ಲಾಡಲಿಲ್ಲ. ನಗಬೇಡಿ. ಮನುಷ್ಯ ಒಳಗೊಳಗೇ ಕುಸಿದಿದ್ದ. ದೇವರು ನನ್ನನ್ನು ಬೇಡ ಅಂದಿದ್ದಾನೆ ಎಂದು ನಂಬಿಬಿಟ್ಟಿದ್ದ. ಈ ಸಲವೂ ಬರದಿದ್ದರೆ ಹಿರಿಯನ ಸ್ಥಾನ ಬಿಡುತ್ತೇನೆ, ಇನ್ನು ದೇವಾಲಯದ ಮೆಟ್ಟಿಲು ಹತ್ತುವುದಿಲ್ಲ ಎಂದು ಒಂದು ಕೂಟದ ದಿನ ಹೆಂಡತಿಗೆ ಹೇಳಿಯೇ ಹೊರಟ.

ಅವನ ಜಾಗ ಮುಂದಿನ ಬೆಂಚು. ಆ ದಿನ ನಾಚಿಕೆಯಿಂದ ಗಂಡಸರ ಕಡೆಯ ಕೊನೆಯ ಬೆಂಚಿನಲ್ಲಿ ಕುಳಿತ. ಹಾಡು ಶುರುವಾಯಿತು. ಹಳೆಯ ಹಾಡು: ‘ಬಾಯಾರಿ ಬಂದೆನು ನಿನ್ನ ಬಾವಿಯ ಬಳಿಗೆ.’ ಕೇಳಿದ್ದೇ ತಡ, ಅವನಿಗೆ ತಾಯಿಯ ನೆನಪಾಯಿತು.

ನಿಮ್ಮಲ್ಲಿ ತಲೆ ನರೆತವರಿಗೆ ಆ ಕಾಲ ನೆನಪಿರಬೇಕು. ಹಂಚಿನ ಮಾಡು, ನೆಲಕ್ಕೆ ಜಮಖಾನೆ, ಗಂಟೆಯ ಬದಲು ತೂಗುಹಾಕಿದ ರೈಲು ಕಂಬಿಯ ತುಂಡು. ಹಾಡಿನ ಪುಸ್ತಕ ಇದ್ದದ್ದು ಆರಾಧನೆ ನಡೆಸುವ ಉಪದೇಶಿಗಳ ಕೈಯಲ್ಲಿ ಒಂದೇ. ಉಳಿದವರಲ್ಲಿ ಓದು ಬರುತ್ತಿದ್ದುದಾದರೂ ಯಾರಿಗೆ? ಉಪದೇಶಿಗಳು ಒಂದು ಸಾಲು ಹೇಳುವರು, ಸಭೆ ಆ ಸಾಲನ್ನು ಹಾಡುವುದು. ಮುಂದಿನ ಸಾಲು ಹೇಳುವರು, ಸಭೆ ಹಾಡುವುದು. ಹೇಳುವುದು, ಹಾಡುವುದು. ಹೇಳುವುದು, ಹಾಡುವುದು. ಗಿರಣಿಯ ಅರಳೆ ಇನ್ನೂ ಕೂದಲಲ್ಲೇ ಇದ್ದ ಹೆಂಗಸರು ಮಾಡು ಹಾರಿಹೋಗುವಂತೆ ಹಾಡುತ್ತಿದ್ದರು. ಹಿಂದೆ ಕೂತವರಿಗೆ ಉಪದೇಶಿಗಳ ದನಿ ಮುಟ್ಟುತ್ತಿರಲಿಲ್ಲ. ಆಗ ಶಾಲೆಗೆ ಹೋಗುತ್ತಿದ್ದ ನಮ್ಮ ಸಾಹುಕಾರ ಹಾಡುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ತಾಯಿಗೂ ತಾಯಿಯ ಗೆಳತಿ ರಾಹೇಲವ್ವನಿಗೂ ನಡುವೆ ಕೂತು, ಪ್ರತಿ ಸಾಲನ್ನೂ ಇಬ್ಬರ ಕಿವಿಗೆ ದಾಟಿಸುತ್ತಿದ್ದ.

ಸಾಹುಕಾರ ಹೆಂಗಸರ ಕಡೆ ತಿರುಗಿ ನೋಡಿದ. ಅಲ್ಲಿಯೂ ಕೊನೆಯ ಬೆಂಚಿನಲ್ಲಿ, ಹಣ್ಣು ಹಣ್ಣು ಮುದುಕಿಯಾಗಿ, ಅದೇ ರಾಹೇಲವ್ವ ಕೂತಿದ್ದಳು. ಅವಳ ಬಾಯಿ ಮುಚ್ಚಿತ್ತು. ಗಂಡಸರು ಆ ಕಡೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ, ನಿಮಗೇ ಗೊತ್ತು. ಆದರೂ ಎದ್ದು ಹೋಗಿ ಬಗ್ಗಿ ಕೇಳಿದ.

“ಚಿಗವ್ವ, ಯಾಕ ಹಾಡವಲ್ಲಿ?”

“ಧಾಟಿ ಗೊತ್ತೈತಪಾ, ಮಾತು ನೆನಪಿಲ್ಲ. ಮೊದಲ ಹೇಳಿಕೊಡ್ತಿದ್ರು. ಈಗ ಹಾಡೆಲ್ಲಾ ಗ್ವಾಡಿ ಮ್ಯಾಲ ಬರ್ತಾವು. ನನಗ ಗ್ವಾಡಿ ಓದಾಕ ಬರೂದಿಲ್ಲ.” ಅವಳೇ ಮುಂದುವರಿದು ಅಂದಳು, “ಆತ್ಮ ನನ್ನ ಬಿಟ್ಟು ಹೋಗೈತಿ ಅನ್ಕೊಂಡು ಸುಮ್ನ ಕುಂದರ್ತೀನಿ.”

ಹಾಡಿನ ಸಾಲುಗಳು ಮೂಡುವ, ಗೋಡೆಯ ಮೇಲಿನ ಆ ಪರದೆ ತಂದವರು ಯಾರು? ಇದೇ ಸಾಹುಕಾರ. ಪರದೆ ಬಂದ ಭಾನುವಾರವೇ ಸಾಲು ಹೇಳುವ ಪದ್ಧತಿ ನಿಂತಿತ್ತು. ನಮ್ಮ ಸಭೆ ಮುಂದುವರಿಯಿತು ಎಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಅವನೂ ತಟ್ಟಿದ್ದ. ಕೊನೆಯ ಬೆಂಚು ಮೂಕವಾದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಸಾಹುಕಾರ ಅವಳ ಪಕ್ಕದಲ್ಲಿ ಕುಳಿತ. ಎರಡನೆಯ ಚರಣದ ಮೊದಲ ಸಾಲನ್ನು ಅವಳ ಕಿವಿಯಲ್ಲಿ ಹೇಳಿದ. ಅವಳು ಹಾಡಿದಳು. ದನಿ ಒಡೆದಿತ್ತು, ತಾಳ ಹಿಂದೆ ಬಿದ್ದಿತ್ತು, ಆದರೂ ಹಾಡಿದಳು. ಮುಂದಿನ ಸಾಲು ಹೇಳಿದ, ಹಾಡಿದಳು. ಆಚೆ ಕೂತಿದ್ದ ಇನ್ನೊಬ್ಬ ಮುದುಕಿ ಇತ್ತ ಸರಿದಳು. ಮುಂದಿನ ಬೆಂಚಿನವಳೊಬ್ಬಳು ಕಿವಿಯನ್ನು ಹಿಂದಕ್ಕೆ ಕೊಟ್ಟಳು. ಸಾಹುಕಾರ ದನಿ ಏರಿಸಿದ.

ಅಷ್ಟರಲ್ಲಿ ಮೈಕಿನಲ್ಲಿ ಅವನ ಹೆಸರು ಕೇಳಿತು. ಇವತ್ತು ಹಿರಿಯರಿಗೆ ವರ ಸಿಕ್ಕೇ ಸಿಗುತ್ತದೆ, ಮುಂದೆ ಬರಲಿ ಎಂದರು ಬೋಧಕರು. ಅವನು ಇಷ್ಟು ಕಾಲ ಕಾದದ್ದು ಇದೇ ಕರೆಗೆ. ಇಡೀ ಸಭೆ ಹಿಂದೆ ತಿರುಗಿತು. ಹಿಡಿದಿದ್ದ ಅವನ ತೋಳನ್ನು ಬಿಟ್ಟು ರಾಹೇಲವ್ವ ಹೋಗು ಎಂದು ಸನ್ನೆ ಮಾಡಿದಳು.

ಸಾಹುಕಾರ ಏಳಲಿಲ್ಲ. “ಕಡೀ ಚರಣ ಉಳದೈತಿ, ಚಿಗವ್ವ,” ಎಂದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒಂದು ಮಾತೂ ತಪ್ಪದಂತೆ ಕೊನೆಯವರೆಗೆ ಹೇಳಿಕೊಟ್ಟ. ಅವನು ಮತ್ತೆಂದೂ ವರದ ಸಾಲಿನಲ್ಲಿ ನಿಲ್ಲಲಿಲ್ಲ, ದೇವಾಲಯವನ್ನೂ ಬಿಡಲಿಲ್ಲ.

ಈಗ ನೀವು ಹೇಳಿ. ಅವತ್ತು ಆತ್ಮನು ಆ ದೇವಾಲಯದಲ್ಲಿ ಎಲ್ಲಿ ಇಳಿದ? ನಾನು ಅನ್ಯಭಾಷೆಯನ್ನು ಹಳಿಯುತ್ತಿಲ್ಲ. ಕೊಡುವವನು ಆತ, ಯಾರಿಗೆ ಏನು ಕೊಡಬೇಕೆಂದು ಆತನಿಗೆ ಗೊತ್ತು. ಮೈಕಿನ ಮುಂದೆಯೂ ಇಳಿದಿರಬಹುದು. ಆದರೆ ನಾವು ವರವನ್ನು ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆ ಮಾಡಿಕೊಂಡಿದ್ದೇವೆ. ಅದು ಪಂಕ್ತಿಯಲ್ಲಿ ಪಕ್ಕದವರಿಗೆ ದಾಟಿಸಲೆಂದು ನಮ್ಮ ಕೈಗೆ ಬಂದ ತಟ್ಟೆ. ಹಿಡಿದುಕೊಂಡೇ ಕೂತರೆ ಆಚೆಯವರಿಗೆ ಉಪವಾಸ.

ದೂರ ಹೋಗಬೇಡಿ, ನಿಮ್ಮ ಮನೆಯನ್ನೇ ನೋಡಿ. ಸಂಜೆಯ ಪ್ರಾರ್ಥನೆಯಲ್ಲಿ ನಿಮ್ಮ ಅತ್ತೆ ಯಾಕೆ ಸುಮ್ಮನೆ ಕೂರುತ್ತಾರೆ, ಒಮ್ಮೆಯಾದರೂ ಕೇಳಿದ್ದೀರಾ? ನೀವು ಬಸ್ಸಿಗೆ ಓಡುವವರಂತೆ ಓದುವ ಬೈಬಲ್ ವಾಕ್ಯ ಅವರ ಕಿವಿಗೆ ಬೀಳುತ್ತದೆಯೇ? ಇವತ್ತಿನಿಂದ ನಿಧಾನವಾಗಿ ಓದಿ. ಒಂದು ವಾಕ್ಯ ಓದಿ, ಅವರು ಅದನ್ನು ಮರಳಿ ಹೇಳುವವರೆಗೆ ಕಾಯಿರಿ. ದೇವಾಲಯಕ್ಕೆ ಬಂದರೆ ಹೆಸರು ಬರೆಸಿಕೊಂಡವರಂತೆ ನಿಮ್ಮ ನಿಮ್ಮ ಬೆಂಚಿಗೇ ಅಂಟಿಕೊಳ್ಳಬೇಡಿ. ಬಾಯಿ ಮುಚ್ಚಿ ಕೂತವರ ಪಕ್ಕ ಹೋಗಿ ಕೂರಿ. ನನಗೆ ಯಾವ ವರವಿದೆ ಅಯ್ಯನವರೇ ಎಂದು ನನ್ನ ಬಾಗಿಲಿಗೆ ಬರುವವರು ಮೊದಲು ಅಷ್ಟು ಮಾಡಿ ಬನ್ನಿ.

ಈಗ ಹಾಡಲು ಏಳೋಣ. ಪರದೆಯನ್ನು ಆರಿಸಲು ಹೇಳಿದ್ದೇನೆ. ಗಾಬರಿಯಾಗಬೇಡಿ, ಕರೆಂಟು ಹೋಗಿಲ್ಲ. ನಾನು ಒಂದು ಸಾಲು ಹೇಳುತ್ತೇನೆ. ನೀವು ಪಕ್ಕಕ್ಕೆ ತಿರುಗಿ ಅದನ್ನು ಒಬ್ಬರ ಕಿವಿಗೆ ಹೇಳಿ. ಅವರು ಬಾಯಿ ತೆರೆದ ಮೇಲೆ ನೀವು ಹಾಡಿ.