ಚಿಕ್ಕಮ್ಮ ಗೀಟು ಹಾಕುವ ಪದ

ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೆನ್ನೆ ಊದಿಸಿಕೊಂಡು ಕೂತಿದ್ದ ದರ್ಜಿಗೆ ಅಂದು ಬಾಯಿ ಕೆಲಸ ಮಾಡುತ್ತಿರಲಿಲ್ಲ. ಕಿವಿ ಮಾತ್ರ ಚುರುಕಾಗಿತ್ತು. ಪಕ್ಕದ ಬೆಂಚಿನಲ್ಲಿ ಇಂಗ್ಲಿಷ್ ಮೇಡಂ ಒಬ್ಬರು ಮತ್ತು ಅವರ ಅಕ್ಕನ ಮಗಳು ಕೂತಿದ್ದರು.

“ಸಂಜೆಯೊಳಗೆ ನಿಮ್ಮಮ್ಮನಿಗೆ ಉತ್ತರ ಹೇಳ್ಬೇಕಲ್ಲ. ನಿನ್ನೆ ನೋಡಿದ ಹುಡುಗ ಹೇಗೆ?”

“ನೈಸ್, ಚಿಕ್ಕಮ್ಮ.”

“ಆ ಪದ ಎಲ್ಲಿ ಕಂಡ್ರೂ ನಾನು ಕೆಂಪು ಗೀಟು ಎಳೀತೀನಿ. ಕಾಫಿನೂ ನೈಸು, ಕರ್ಟನ್ನೂ ನೈಸು, ಕಟ್ಟಿಕೊಳ್ಳೋ ಗಂಡನೂ ನೈಸಾ?”

“ಒಳ್ಳೇ ಪದ ತಾನೇ?”

“ಈಗ ಒಳ್ಳೇದು. ಅದರ ಬೇರು ಲ್ಯಾಟಿನ್‌ದು, ಅಲ್ಲಿ ‘ಏನೂ ತಿಳಿಯದವನು’ ಅಂತ ಅರ್ಥ. ಇಂಗ್ಲಿಷಿಗೆ ಬಂದ ಹೊಸದರಲ್ಲೂ ಪೆದ್ದನಿಗೇ ಹಾಗನ್ನೋರು. ಆಮೇಲೆ ನಾಜೂಕು ಅಂತಾಯ್ತು, ಆಮೇಲೆ ಹಿತ ಅಂತಾಯ್ತು. ಪದ ಬಿಡು, ಅವನು ಏನು ಮಾಡಿದ ಹೇಳು.”

“ನನ್ನ ಕೆಲಸ ಏನು ಅಂತ ಕೇಳಿದ್ರು. ಸೇತುವೆಗಳ ಲೆಕ್ಕಾಚಾರ ಅಂದೆ. ‘ಅದರ ಗಂಧಗಾಳಿನೂ ನನಗೆ ಗೊತ್ತಿಲ್ಲ, ಹೇಳಿಕೊಡಿ’ ಅಂದ್ರು. ನಾನು ಮುಗಿಸೋವರೆಗೂ ಒಂದು ಆಕಳಿಕೆ ಇಲ್ಲ.”

ಮೇಡಂ ಚೀಲದ ಜಿಪ್ಪು ತೆಗೆದರು, ಏನೂ ತೆಗೆಯದೆ ಮತ್ತೆ ಮುಚ್ಚಿದರು.

“ಗೊತ್ತಿಲ್ಲ ಅಂತ ಅವನೇ ಬಾಯಿಬಿಟ್ಟು ಹೇಳಿದನಾ?”

“ಹೂಂ.”

“ನಿಮ್ಮ ಚಿಕ್ಕಪ್ಪನ ಬಾಯಲ್ಲಿ ಆ ಮಾತು ನಾನು ಇವತ್ತಿನವರೆಗೂ ಕೇಳಿಲ್ಲ.”

ಒಳಗಿಂದ ನರ್ಸ್ ಕರೆದಳು. ಮೇಡಂ ಎದ್ದು ಸೆರಗು ಸರಿಮಾಡಿಕೊಂಡರು.

“ನಿಮ್ಮಮ್ಮನಿಗೆ ನೈಸ್ ಅಂತಲೇ ಹೇಳು. ಈ ಸಲ ನಾನು ಗೀಟು ಹಾಕಲ್ಲ.”